ಸಾವಿರ ಗಜದ ಕಣ್ಣು, ನಲವತ್ತು ಹೆಜ್ಜೆಯ ಕೋವಿ

ನಮ್ಮ ಮನೆಯ ಕೋವಿಯಷ್ಟು ಪ್ರಜಾಪ್ರಭುತ್ವದ ಬಗ್ಗೆ ಶ್ರದ್ಧೆ ಇರುವವರು ಕತ್ತಲಗೆರೆಯಲ್ಲಿ ಇನ್ನೊಬ್ಬರಿಲ್ಲ. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಬೆಂಗಳೂರು ಸೇರಿದ ನಮ್ಮ ಹುಡುಗರು ಓಟಿಗೆ ಬರುವುದನ್ನು ತಪ್ಪಿಸಿಯಾರು, ಕೋವಿ ಮಾತ್ರ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ತಾತನ ಕಾಲದ ಒಂಟಿ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸು. ಚರೆ ತುಂಬಿ ಹೊಡೆದರೆ ನಲವತ್ತು ಹೆಜ್ಜೆಯಾಚೆ ಅದರ ಮಾತು ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅದಕ್ಕೆ ಉಳಿದಿರುವ ಕೆಲಸ ಒಂದೇ: ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದ ರಾತ್ರಿ ಆಕಾಶಕ್ಕೆ ಹಾರಿಸಿ ಸದ್ದು ಮಾಡುವುದು. ಮೊದಮೊದಲು ಹಂದಿಗಳು ಓಡುತ್ತಿದ್ದವು. ಈಗ ತಲೆಯೆತ್ತಿ ಒಮ್ಮೆ ನೋಡುತ್ತವೆ, ಮದ್ದಿನ ಖರ್ಚು ತಮ್ಮದಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಊಟಕ್ಕೆ ಕೂರುತ್ತವೆ.

ಇಂಥ ಕೋವಿಗೆ ಒಂದು ರೇಂಜ್‌ಫೈಂಡರ್ ಜೊತೆ ಮಾಡಬೇಕೆಂದು ಹೊರಟವನು ನನ್ನ ಅಣ್ಣನ ಮಗ. ಅವನಿರುವುದು ಟೆಕ್ಸಾಸಿನಲ್ಲಿ. ಅಲ್ಲಿ ಸಾಕುಹಂದಿಗಳು ಕಾಡುಬಿದ್ದು ಹೊಲ ತೋಡುತ್ತವೆ, ಹೊಡೆದವನಿಗೆ ಊರೇ ಶಹಬಾಸ್ ಹೇಳುತ್ತದೆ. ಇಲ್ಲಿ ಹೊಡೆದವನ ಮನೆಗೆ ಜೀಪು ಬರುತ್ತದೆ. ಈ ಸಣ್ಣ ವ್ಯತ್ಯಾಸ ಅವನ ಮನಸ್ಸಿಗೆ ಬಂದಂತಿಲ್ಲ. “ಚಿಕ್ಕಪ್ಪ, ದೀಪಾವಳಿಗೆ ಬರ್ತಾ ತರ್ತೀನಿ. ಯಾವುದು ಬೇಕು ಅಂತ ಆರಿಸಿ ಹೇಳು” ಎಂದು ಫೋನಿಗೆ ಚಿತ್ರಗಳ ರಾಶಿ ಸುರಿದ.

ಬಿಟ್ಟಿ ಸಿಗುವ ವಸ್ತುವನ್ನು ಆರಿಸುವಾಗ ನಾನು ತೋರುವ ಶ್ರದ್ಧೆಯನ್ನು ದುಡ್ಡು ಕೊಟ್ಟು ಕೊಂಡ ಟಿಲ್ಲರಿಗೂ ತೋರಿಲ್ಲ. ಅಂಗೈಯಗಲದ ಡಬ್ಬಿ, ಕಣ್ಣಿಗಿಟ್ಟರೆ ದೂರದ್ದು ಆರು ಪಟ್ಟು ಹತ್ತಿರ ಕಾಣುತ್ತದೆ. ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಲೇಸರ್ ಕಿರಣ ಹೊರಟು, ಎದುರಿನದಕ್ಕೆ ಬಡಿದು ವಾಪಸ್ ಬರುತ್ತದೆ. ಹೋಗಿ ಬಂದ ಹೊತ್ತಿನ ಲೆಕ್ಕದಲ್ಲಿ ದೂರ ತಿಳಿಯುತ್ತದೆ. 300 ಮೀಟರ್ ದೂರಕ್ಕೆ ಹೋಗಿಬರಲು ಬೆಳಕಿಗೆ ಹಿಡಿಯುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಅಷ್ಟೇ ದೂರದ ಅಂಗಡಿಗೆ ಬೆಲ್ಲಕ್ಕೆಂದು ಕಳಿಸಿದ ನನ್ನ ಮಗ ಕತ್ತಲಾದರೂ ಬರುವುದಿಲ್ಲ.

ಇಷ್ಟಕ್ಕೂ ದೂರದ ಬೇಟೆಗಾರರಿಗೆ ಇದು ಶೋಕಿಯಲ್ಲ. 100 ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಿನ ಗುಂಡು 500 ಗಜ ಮುಟ್ಟುವಷ್ಟರಲ್ಲಿ ನಾಲ್ಕಡಿಯಷ್ಟು ಇಳಿದಿರುತ್ತದೆ. ದೂರ ತಪ್ಪಾಗಿ ಅಂದಾಜು ಮಾಡಿದರೆ ಜಿಂಕೆಯ ಬದಲು ಹುತ್ತಕ್ಕೆ ಬೀಳುತ್ತದೆ. ನಮ್ಮ ಕೋವಿಗೆ ಈ ತಾಪತ್ರಯವಿಲ್ಲ. ಆಕಾಶಕ್ಕೆ ಹೊಡೆದ ಗುಂಡು ಗುರಿ ತಪ್ಪಿದ್ದು ಈವರೆಗೆ ಕೇಳಿಲ್ಲ.

ಆಯ್ಕೆ ಶುರುವಾದ ಮೇಲೆ ಕಂಪನಿಯವರ ಭಾಷೆ ಒಂದೊಂದಾಗಿ ಅರ್ಥವಾಗತೊಡಗಿತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ಗಜ ಎಂದಿರುತ್ತದೆ. ಅದು ಹೊಳೆಯುವ ವಸ್ತುವಿಗೆ. ಒಳಗಿನ ಸಣ್ಣಕ್ಷರದಲ್ಲಿ ಮರಕ್ಕೆ ಅದಕ್ಕಿಂತ ಕಡಿಮೆ, ಜಿಂಕೆಗೆ ಇನ್ನೂ ಕಡಿಮೆ. ಕಪ್ಪು ಮೈ ಬೆಳಕನ್ನು ವಾಪಸ್ ಕೊಡುವುದರಲ್ಲಿ ಬಲು ಜಿಪುಣ. ನಮ್ಮ ಗಿರಾಕಿಯಾದರೋ ಕಪ್ಪು ಹಂದಿ, ಬರುವುದು ಕಪ್ಪು ರಾತ್ರಿಯಲ್ಲಿ. ಗದ್ದೆಯ ಬೆಳ್ಳಕ್ಕಿಯ ದೂರ ಚೆನ್ನಾಗಿಯೇ ತಿಳಿದೀತು, ಆದರೆ ಬೆಳ್ಳಕ್ಕಿ ನನಗೇನು ಅನ್ಯಾಯ ಮಾಡಿದೆ? 2023ರ ಡಿಸೆಂಬರಿನಲ್ಲಿ ನಾಸಾದ ಎಲ್‌ಆರ್‌ಒ ನೌಕೆ ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಾಗ ಚಂದ್ರನ ಮೇಲಿದ್ದ ನಮ್ಮ ವಿಕ್ರಮ್ ಅದನ್ನು ಮರ್ಯಾದೆಯಿಂದ ವಾಪಸ್ ಕಳಿಸಿತಂತೆ. ಅದರ ನೆತ್ತಿಯ ಮೇಲೆ ಪ್ರತಿಫಲಕ ಕೂರಿಸಿದ್ದರು. ಹಂದಿಯ ನೆತ್ತಿಯ ಮೇಲೆ ಕೂರಿಸಲು ಯಾರಾದರೂ ಮುಂದೆ ಬಂದರೆ ನನ್ನ ಅಭ್ಯಂತರವಿಲ್ಲ.

ಇನ್ನೊಂದು ಗೊಂದಲ ಸಾಲುಮರಗಳದ್ದು. ಗಾಲ್ಫ್ ಆಡುವವರ ಯಂತ್ರ ಮೊದಲು ಅಡ್ಡ ಬಂದದ್ದನ್ನು ಅಳೆಯುತ್ತದೆ, ಏಕೆಂದರೆ ಅವರಿಗೆ ಬೇಕಾದ ಬಾವುಟ ಮುಂದಿರುತ್ತದೆ, ಮರಗಳು ಹಿಂದೆ. ಬೇಟೆಯವರದು ಕೊನೆಯದನ್ನು ಅಳೆಯುತ್ತದೆ, ಏಕೆಂದರೆ ಹುಲ್ಲು ಮುಂದಿರುತ್ತದೆ, ಮಿಗ ಹಿಂದೆ. ನಮ್ಮಲ್ಲಿ ಭದ್ರಾ ನಾಲೆ ಬಂದು ಭತ್ತ ಬಂತು, ಭತ್ತದ ಗದ್ದೆಯಲ್ಲಿ ಅಡಿಕೆ ಬಂತು. ಈಗ ಜಗಲಿಯಲ್ಲಿ ನಿಂತು ಯಾವ ದಿಕ್ಕಿಗೆ ಕಿರಣ ಬಿಟ್ಟರೂ ಮೊದಲನೆಯದೂ ಅಡಿಕೆ ಮರ, ಕೊನೆಯದೂ ಅಡಿಕೆ ಮರ. ನಡುವೆ ಎಲ್ಲೋ ಹಂದಿ.

ಅಟ್ಟಣೆಯಿಂದ ಕೆಳಕ್ಕೆ ನೋಡುವವರಿಗೆ ಓರೆ ಲೆಕ್ಕದ ಯಂತ್ರವೂ ಉಂಟು. 30 ಡಿಗ್ರಿ ಇಳಿಜಾರಿನಲ್ಲಿ 40 ಮೀಟರ್ ದೂರವಿದ್ದರೆ ಅದನ್ನು 35ಕ್ಕೆ ಇಳಿಸಿ ತೋರಿಸುತ್ತದೆ. ಬೆಲೆಯನ್ನು ಮಾತ್ರ ಏರಿಸಿ ತೋರಿಸುತ್ತದೆ. ಕಪ್ಪಂಕಿಯದು ಅಗ್ಗ, ರಾತ್ರಿ ಕಾಣದು. ಕೆಂಪಂಕಿಯದು ಕಾಣುತ್ತದೆ, ತುಟ್ಟಿ. ಎಲ್ಲ ಕೂಡಿಸಿ ಕಳೆದು ಒಂದನ್ನು ಮೆಚ್ಚಿಕೊಂಡೆ. ಆಗಲೇ ಕಣ್ಣಿಗೆ ಬಿದ್ದದ್ದು ಕೊನೆಯ ಸಾಲು: ಅಳೆಯುವ ಕನಿಷ್ಠ ದೂರ 5 ಗಜ. ಅದಕ್ಕಿಂತ ಹತ್ತಿರ ಬಂದದ್ದು ಈ ಸಾವಿರ ಗಜದ ಕಣ್ಣಿಗೆ ಕಾಣುವುದೇ ಇಲ್ಲ!

ನಮ್ಮ ಸೀಮೆಯ ಬೇಟೆಯ ಇತಿಹಾಸ ಬಲ್ಲವರಿಗೆ ಎದೆ ಧಸಕ್ಕೆನ್ನಬೇಕಾದ ಸಾಲು ಇದು. ನಮ್ಮದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಹಾಜಿ ಭೋಂಸ್ಲೆಯ ಸಮಾಧಿಯಿದೆ. ಶಿವಾಜಿಯ ತಂದೆ, ಬಿಜಾಪುರದ ದೊಡ್ಡ ಸರದಾರ, ಬೆಂಗಳೂರಿನ ಜಹಗೀರುದಾರ. ಎಷ್ಟೋ ಯುದ್ಧಗಳಿಂದ ಜೀವಂತ ಬಂದವನು 1664ರಲ್ಲಿ ಇಲ್ಲಿ ಬೇಟೆಯಾಡುತ್ತ ಕುದುರೆಯಿಂದ ಬಿದ್ದು ತೀರಿಕೊಂಡ. ಅವನ ಕೈಗೆ ಆಗ ರೇಂಜ್‌ಫೈಂಡರ್ ಕೊಟ್ಟಿದ್ದರೆ ಮುಂದೆ ಓಡುವ ಮಿಗದ ದೂರ ಗಜ ಗಜಕ್ಕೂ ಹೇಳುತ್ತಿತ್ತು. ಕುದುರೆಯ ಕಾಲಡಿ ಏನಿದೆ ಎಂದು ಕೇಳಿದರೆ ಮೂರು ಗೀಟು ತೋರಿಸಿ ಸುಮ್ಮನಾಗುತ್ತಿತ್ತು.

ಪಕ್ಕದ ಹೊಸದುರ್ಗ–ಹೊಳಲ್ಕೆರೆ ಕಡೆಯ ನರಭಕ್ಷಕನ ಕತೆ ಬರೆದ ಕೆನೆತ್ ಆಂಡರ್ಸನ್ ಸಹ ಹತ್ತಿರದ ಗಿರಾಕಿಯೇ. ಆ ಕತೆಯಿರುವ ಪುಸ್ತಕ ಬಂದದ್ದು 1954ರಲ್ಲಿ. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್ನನ ಕಾಡನ್ನು ಓದಿ ಬೆಳೆದ ನಮಗೆಲ್ಲ ಗೊತ್ತು: .405 ವಿಂಚೆಸ್ಟರ್ ರೈಫಲ್ಲಿಗೆ ಟಾರ್ಚು ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಹುಲಿ ತಾನಾಗಿ ಹತ್ತಿರ ಬರುವವರೆಗೆ ಕಾಯುವುದೇ ಅವನ ಪದ್ಧತಿ. ದೂರವನ್ನು ಅಳೆಯುವ ಕೆಲಸ ಹುಲಿಗೇ ಬಿಟ್ಟಿದ್ದ.

ನಿಜವಾಗಿ ದೂರದಿಂದಲೇ ಬೇಟೆಯಾಡುವವರನ್ನು ನೋಡಬೇಕಾದರೆ ನಮ್ಮ ಖೇಣಿದಾರರನ್ನು ನೋಡಬೇಕು. ನಮ್ಮ ತೋಟ ಹಿಡಿಯುವವನು ರಸ್ತೆಯಲ್ಲೇ ಬೈಕು ನಿಲ್ಲಿಸಿ, ಎಡಗಾಲು ನೆಲಕ್ಕೂರಿ, ಬಾಯಲ್ಲಿ ಎಲೆಯಡಿಕೆ ಹೊರಳಿಸುತ್ತ ತೋಟದ ತುದಿ ನೋಡುತ್ತಾನೆ. ಒಳಗೆ ಕಾಲಿಡುವುದಿಲ್ಲ. ಗೊನೆ ಎಷ್ಟು, ಉದುರುವುದೆಷ್ಟು, ಸುಲಿದು ಬೇಯಿಸಿದರೆ ಎಷ್ಟು ಕ್ವಿಂಟಾಲ್ ಎಂದು ಒಂದೇ ನೋಟಕ್ಕೆ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ಜಗಲಿಯಲ್ಲಿ ಕೂತ ನನ್ನ ಮುಖ ನೋಡಿ ಮಗಳ ಮದುವೆ ಎಷ್ಟು ಹತ್ತಿರ ಬಂದಿದೆಯೆಂದೂ ಅಳೆಯುತ್ತಾನೆ. “ಈ ಸಲ ಫಸಲು ತೆಳುವೈತೆ ಗೌಡ್ರೆ” ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಗುಂಡು ತಾಗಿಯಾಗಿರುತ್ತದೆ. ಲೈಸೆನ್ಸ್ ಬೇಡ, ಚುನಾವಣೆಗೆ ಠಾಣೆಗೆ ಒಪ್ಪಿಸಬೇಕಾಗಿಯೂ ಇಲ್ಲ.

ಇದನ್ನೆಲ್ಲ ಯೋಚಿಸಿ ಟೆಕ್ಸಾಸಿಗೆ ಫೋನು ಹಚ್ಚಿದೆ. “ಸಾವಿರ ಗಜದ್ದು ಬೇಡಪ್ಪಾ. ಆ ದೂರದಲ್ಲಿ ನನಗೆ ಶತ್ರುಗಳಿಲ್ಲ. ಹಂದಿ ಬೇಲಿಯ ಒಳಗೇ ಇರ್ತದೆ, ಖೇಣಿದಾರ ಜಗಲಿಗೇ ಬರ್ತಾನೆ, ನಿನ್ನ ಚಿಕ್ಕಮ್ಮ ಹಿಂದೇನೇ ನಿಂತಿದ್ದಾಳೆ. ಈ ಮೊದಲ ಐದು ಗಜವನ್ನ ಸರಿಯಾಗಿ ಅಳೆಯೋದು ಯಾವುದಾದ್ರೂ ಇದ್ರೆ ಹೇಳು.”

ಅವನು ಆ ಕಡೆಯಿಂದ ಒಂದು ಗಳಿಗೆ ಸುಮ್ಮನಿದ್ದ.

“ಇದೆ ಚಿಕ್ಕಪ್ಪ. ಅದಕ್ಕೆ ಟೇಪು ಅಂತಾರೆ. ಚನ್ನಗಿರೀಲೇ ಸಿಗ್ತದೆ.”