ಹೋಗುವಾಗ ಹಡಗು, ಬರುವಾಗ ವಿಮಾನ

ಮೈಸೂರಿಗೆ ಸಮುದ್ರವಿಲ್ಲ. ಕುಕ್ಕರಹಳ್ಳಿ ಕೆರೆಯಿದೆ, ಕಾರಂಜಿ ಕೆರೆಯಲ್ಲಿ ತುಳಿಯುವ ದೋಣಿಯಿದೆ, ಗಾಳಿ ಬೀಸಿದ ದಿನ ಕೆಆರ್‌ಎಸ್‌ನಲ್ಲಿ ಅಲೆ ಅನ್ನಬಹುದಾದದ್ದೂ ಏಳುತ್ತದೆ. ಅಷ್ಟಕ್ಕೇ ತೃಪ್ತಿಪಟ್ಟುಕೊಂಡ ಊರು ನಮ್ಮದು. ಹೀಗಿರುವಾಗ ಪರೀಕ್ಷೆ ಮುಗಿಸಿದ ಮಗಳು, ‘ಈ ಬೇಸಿಗೆಗೆ ಊಟಿ, ಮಡಿಕೇರಿ ಎಲ್ಲ ಬೇಡಪ್ಪಾ, ಶ್ರೀಲಂಕಾಕ್ಕೆ ಹೋಗೋಣ’ ಅಂದದ್ದೇ ತಡ, ನನ್ನ ಬಾಯಿಂದ ‘ಹಡಗಲ್ಲಿ’ ಅಂತ ಬಂದುಬಿಟ್ಟಿತು. ವಿಮಾನ ಹತ್ತಿ ಪರದೇಶಕ್ಕೆ ಹೋಗಿಬಂದವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಹಡಗಲ್ಲಿ ಹೋಗಿಬಂದವನಿಗಾದರೆ ಒಂದು ಲೋಟ ಕಾಫಿಯಾದರೂ ಗ್ಯಾರಂಟಿ.

ನನ್ನಾಕೆಗೆ ಇಂಥ ಚಪಲಗಳಿಲ್ಲ. ‘ಅಲ್ರೀ, ಬೆಂಗಳೂರಿಂದ ಕೊಲಂಬೊಗೆ ಒಂದೂವರೆ ಗಂಟೆ. ಹಡಗು, ಗಿಡಗು ಯಾಕೆ?’ ಅಂದಳು. ಒಂದೂವರೆ ಗಂಟೆ ಹೌದು. ಆದರೆ ಆ ವಿಮಾನ ಏಳುವುದು ದೇವನಹಳ್ಳಿಯಲ್ಲಿ. ಮೈಸೂರಿನಿಂದ ಫ್ಲೈಬಸ್ ಹತ್ತಿ, ನಡುವೆ ಇಡೀ ಬೆಂಗಳೂರನ್ನು ದಾಟಿ, ಮೂರು ಗಂಟೆ ಮುಂಚೆ ಹೋಗಿ ಕೂತಿರಬೇಕು. ಹಾರುವುದಕ್ಕೆ ಮುಂಚೆ ಹನುಮಂತನೂ ಮಹೇಂದ್ರ ಪರ್ವತ ಹತ್ತಬೇಕಾಯಿತು ನಿಜ. ಆದರೆ ಬೆಲ್ಟು ಬಿಚ್ಚಿ ಟ್ರೇನಲ್ಲಿಡು ಅಂತ ಅವನಿಗೆ ಯಾರೂ ಹೇಳಲಿಲ್ಲ. ಮಂಡಕಳ್ಳಿಯಲ್ಲಿ ನಮ್ಮದೇ ವಿಮಾನ ನಿಲ್ದಾಣ ಇದೆಯಲ್ಲ ಎಂದು ಊರಿನ ಅಭಿಮಾನಿಗಳು ಕೇಳಬಹುದು. ಇದೆ. ಅಲ್ಲಿಂದ ನೇರವಾಗಿ ಲಂಕೆಗೆ ಹಾರಬೇಕೆಂದರೆ ಮಾತ್ರ ಹಕ್ಕಿಯಾಗಿ ಹುಟ್ಟಿರಬೇಕು.

ಹಡಗಿನ ದಾರಿಯ ಸೊಗಸು ಹಡಗಿಗಿಂತ ಬಹಳ ಮುಂಚೆ ಶುರುವಾಗುತ್ತದೆ. ಮಧ್ಯಾಹ್ನದ ಮೇಲೆ ಮೈಸೂರು ಬಿಡುವ ಮಯಿಲಾಡುತುರೈ ರೈಲು (ಈಗ ಅದನ್ನು ಕಡಲೂರಿನವರೆಗೆ ಎಳೆದಿದ್ದಾರೆ) ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುತ್ತದೆ. ಬೆಂಗಳೂರು ಸುತ್ತಿ, ಸೇಲಂ ಕಳೆದ ಮೇಲೆ ನಡುರಾತ್ರಿಯಲ್ಲಿ ಮತ್ತೆ ಅದೇ ಹೊಳೆ. ತಿರುಚ್ಚಿ, ತಂಜಾವೂರು, ಕುಂಭಕೋಣ ಅಂತ ರೈಲು ಅವಳ ಸೆರಗು ಹಿಡಿದೇ ಹೋಗುತ್ತದೆ. ಬೆಳಿಗ್ಗೆ ಮಯಿಲಾಡುತುರೈಯಲ್ಲಿ ಇಳಿದರೆ ಅವಳು ಪೂಂಪುಹಾರಿನ ಕಡೆ ತಿರುಗಿ ಸಮುದ್ರ ಸೇರುತ್ತಾಳೆ, ನಾವು ಬಸ್ಸು ಹಿಡಿದು ನಾಗಪಟ್ಟಣದ ಕಡೆ. ಅವಳಿಗೆ ಪಾಸ್‌ಪೋರ್ಟ್ ಕೇಳುವವರಿಲ್ಲ, ಅಷ್ಟೇ ವ್ಯತ್ಯಾಸ.

ಹಡಗು ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ. ಸುಮಾರು 110 ಕಿ.ಮೀ., ನಾಲ್ಕು ಗಂಟೆ ಆಸುಪಾಸು. 2023ರ ಅಕ್ಟೋಬರ್ 14ರಂದು ‘ಚೆರಿಯಪಾಣಿ’ ಎಂಬ ಹಡಗಿನೊಂದಿಗೆ ಈ ಸೇವೆ ಶುರುವಾಯಿತು. ಹಿಂಗಾರು ಬಂತು, ಕೆಲವೇ ದಿನಗಳಲ್ಲಿ ನಿಂತಿತು. 2024ರ ಆಗಸ್ಟ್ 16ರಂದು ‘ಶಿವಗಂಗೈ’ ಎಂಬ ಇನ್ನೊಂದು ಹಡಗು ಹೊರಟಿತು. ಕಡಲು ಕೆರಳಿದರೆ ಇದೂ ಹೊರಡುವುದಿಲ್ಲ. ‘ನಂಬಿಕೊಂಡು ಹೋಗೋ ಹಡಗೇನ್ರೀ ಇದು?’ ಎಂಬುದು ನನ್ನಾಕೆಯ ಪ್ರಶ್ನೆ.

ಹಿಂದೆ ಇದಕ್ಕಿಂತ ಗಟ್ಟಿ ವ್ಯವಸ್ಥೆ ಇತ್ತು. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದ್ರಾಸಿನ ಎಗ್ಮೋರಿನಲ್ಲಿ ಒಂದೇ ಟಿಕೆಟ್ ಕೊಂಡು ಕೊಲಂಬೊದವರೆಗೂ ಹೋಗಬಹುದಿತ್ತು. ಧನುಷ್ಕೋಡಿವರೆಗೆ ಬೋಟ್ ಮೇಲ್ ರೈಲು, ಅಲ್ಲಿಂದ ತಲೈಮನ್ನಾರಿಗೆ ಸ್ಟೀಮರು, ಆಚೆ ದಡದಲ್ಲಿ ಮತ್ತೊಂದು ರೈಲು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು, ಊರಿನತ್ತ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು ಅದರಲ್ಲಿದ್ದವರ ಸಮೇತ ಎಳೆದುಕೊಂಡಿತು. ಆಮೇಲೂ ರಾಮೇಶ್ವರದಿಂದ ಸ್ಟೀಮರು ಓಡಾಡಿತು. 80ರ ದಶಕದಲ್ಲಿ ಲಂಕೆಯ ಅಂತರ್ಯುದ್ಧ ಅದನ್ನೂ ನಿಲ್ಲಿಸಿತು. ಬೇಸಿಗೆ ರಜೆಯ ಯೋಜನೆ ಹಾಕಲು ಕೂತವನು ಇದನ್ನೆಲ್ಲ ಓದಬಾರದು. ಓದಿದೆ, ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಈ ನಡುವೆ ಸರಸ್ವತೀಪುರಂನ ಸೋದರತ್ತೆ ತಾವೂ ಬರುವುದಾಗಿ ಹೇಳಿಕಳಿಸಿದರು. ಅವರಿಗೆ ಲಂಕೆ ಎಂದರೆ ರೇಡಿಯೊ ಸಿಲೋನ್. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಕರೆದ ಊರಿನಲ್ಲಿ ಹುಟ್ಟಿಯೂ ಅತ್ತೆ ಬುಧವಾರ ರಾತ್ರಿ ಮುಳ್ಳು ತಿರುಗಿಸುತ್ತಿದ್ದದ್ದು ಅಮೀನ್ ಸಯಾನಿಯ ಬಿನಾಕಾ ಗೀತಮಾಲಾಕ್ಕೆ. ಈಗ ಅವರಿಗೆ ಪಾಸ್‌ಪೋರ್ಟ್ ಆಗಬೇಕು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರಿನಲ್ಲಿ. ಹಾಗಾಗಿ ಓಡಾಟ ಹೆಚ್ಚಿಲ್ಲ. ತೊಡಕೆಲ್ಲ ಹುಟ್ಟಿದ ದಿನದ್ದು. ಜಾತಕದಲ್ಲಿ ಕಾರ್ತಿಕ ಮಾಸ. ಶಾಲೆಯ ದಾಖಲೆಯಲ್ಲಿ, ಆ ಕಾಲದ ಅರ್ಧ ಮೈಸೂರಿನ ಹಾಗೆ, ಜೂನ್ 1.

ಊಟದ ಚರ್ಚೆಗೆ ಒಂದು ಸಂಜೆ ಪೂರ್ತಿ ಹೋಯಿತು. ಲಂಕೆಯ ತೆಂಗಿನಕಾಯಿ ಸಂಬೋಲ್ ನೋಡಲು ನಮ್ಮ ಕೆಂಪು ಚಟ್ನಿಯೇ, ಆದರೆ ಅದರಲ್ಲಿ ಒಣಮೀನಿನ ಚೂರು ಅಡಗಿರಬಹುದು, ಕೇಳಿಯೇ ತಿನ್ನಬೇಕು ಎಂದು ಮಗಳು ಎಚ್ಚರಿಸಿದಳು. ಅತ್ತೆಯ ಚೀಲಕ್ಕೆ ಕೂಡಲೇ ಚಟ್ನಿಪುಡಿ ಸೇರಿತು, ಹಿಂದೆಯೇ ಪುಳಿಯೋಗರೆ ಗೊಜ್ಜು. ನುವರ ಎಲಿಯದ ಚಳಿಗೆ ಸ್ವೆಟರ್ ಬೇಕು. ಬೇಸಿಗೆಯ ಪ್ರವಾಸಕ್ಕೆ ಸ್ವೆಟರ್ ಹೊರುವುದಾದರೆ ಊಟಿ ಏನು ತಪ್ಪು ಮಾಡಿತ್ತು ಎಂದು ನನ್ನಾಕೆ ಕೇಳಿದಳು. ಮೇ ಹುಣ್ಣಿಮೆಗೆ ವೆಸಾಕ್ ಹಬ್ಬ, ಬೀದಿ ಬೀದಿಗೆ ಗೂಡುದೀಪ. ಅದನ್ನು ನೋಡಬೇಕೆಂಬ ಆಸೆ ನನಗೆ. ಅದಕ್ಕೆಂದು ತಡಮಾಡಿದರೆ ಕೊಲಂಬೊ ಕಡೆ ಮುಂಗಾರು ಹಿಡಿದುಕೊಳ್ಳುತ್ತದೆ.

ಕೊನೆಗೆ ರಾಜಿಯಾಯಿತು. ಹೋಗುವಾಗ ಹಡಗು, ಜಾಫ್ನಾದಿಂದ ಯಾಳ್ ದೇವಿ ರೈಲಲ್ಲಿ ಕೊಲಂಬೊ, ಬರುವಾಗ ವಿಮಾನ. ಹೋಗುವಾಗ ಎಲ್ಲರಿಗೂ ತಾಳ್ಮೆ ಇರುತ್ತದೆ. ಬರುವಾಗ ಇರುವುದು ಒಗೆಯುವ ಬಟ್ಟೆ ಮಾತ್ರ.

ಅಷ್ಟರಲ್ಲಿ ಅತ್ತೆ ಕೇಳಿದರು, ‘ಅಲ್ಲ ಕಣೋ, ಆ ದಿನ ಹಡಗೇ ಹೊರಡಲಿಲ್ಲ ಅಂದ್ರೆ?’ ಅದಕ್ಕೆ ಉತ್ತರವನ್ನೂ ಅವರೇ ಬರೆದು ತಂದಿದ್ದರು. ಕುಂಭಕೋಣದ ದೇವಸ್ಥಾನಗಳಿಗೆ ಎರಡು ದಿನ, ತಿರುನಳ್ಳಾರಿನ ಶನೀಶ್ವರನಿಗೆ ಒಂದು ದಿನ, ಆಮೇಲೆ ಚಿದಂಬರ, ತಂಜಾವೂರು, ‘ಅಲ್ಲೀತನಕ ಹೋಗಿ ಬಿಟ್ಟು ಬರೋಕಾಗುತ್ಯೇ’ ಎಂದು ಶ್ರೀರಂಗ. ಮಗಳು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, ‘ಅಜ್ಜಿ, ಶ್ರೀಲಂಕಾ ಎಲ್ಲಿ?’ ಎಂದಳು.

‘ಕೊನೇಲಿದೆ ನೋಡೇ,’ ಎಂದರು ಅತ್ತೆ. ‘ರಜೆ ಉಳಿದರೆ.’