ಖೇಣಿ ಕ್ಲಸ್ಟರ್

(ಚನ್ನಗಿರಿ. ಅಡಿಕೆ ಒಣಹಾಕಿದ ಅಂಗಳ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗ. ಹೊನ್ನಾಳಿಯಿಂದ ಬಂದ ಸೋದರಮಾವ.)

ಮಾವ: ಯಾಕೋ, ನಿದ್ದೆಗೆಟ್ಟ ಮುಖ?

ಹುಡುಗ: ಕುಬರ್ನೆಟಿಸ್ ಮಾವ, ಆ್ಯಪ್ ನಡೆಸೋ ಸರ್ವರ್‌ಗಳ ಸ್ವಂತ ಕ್ಲಸ್ಟರ್. ಅದರ ಸರ್ಟಿಫಿಕೇಟಿನ ಆಯುಷ್ಯ 1 ವರ್ಷ. ನಿನ್ನೆ ರಾತ್ರಿ ತೀರ್ಕೊಳ್ತು.

ಮಾವ: ತೋಟ ಖೇಣಿ ಕೊಟ್ಟಂಗೆ ಯಾರಿಗಾದ್ರೂ ವಹಿಸ್ಬಾರ್ದಾ?

ಹುಡುಗ: ಅಮೆಜಾನ್‌ನವರ ಇಕೆಎಸ್ ಇದೆ. ಗಂಟೆಗೆ 10 ಸೆಂಟ್, ತಿಂಗಳಿಗೆ ಸುಮಾರು 73 ಡಾಲರ್. ಬಾಸು 'ದುಬಾರಿ' ಅಂದ್ರು.

ಮಾವ: ನಿನ್ನ ಸಂಬಳ?

ಹುಡುಗ: ಅದು ಲೆಕ್ಕಕ್ಕಿಲ್ಲ. ಈ ಉಳಿತಾಯ ನೋಡ್ಕೊಳ್ಳೋಕೆ ಇನ್ನಿಬ್ಬರನ್ನ ತಗೊಂಡಿದ್ದಾರೆ. ನ್ಯಾಮತಿಯವನು ಕ್ಲಸ್ಟರಿನ ಮಾಹಿತಿ ಇರೋ ಇಟಿಸಿಡಿಯ ಬ್ಯಾಕಪ್ ಕಾಯ್ತಾನೆ. ಜಗಳೂರಿನವನು ವರ್ಷಕ್ಕೆ 3 ಸಲ ಬರೋ ಹೊಸ ಆವೃತ್ತಿ ಏರಿಸ್ತಾನೆ.

ಮಾವ: ಖೇಣಿ ಕೊಟ್ರೆ ನೀನು ಆರಾಮಾ?

ಹುಡುಗ: ಎಲ್ಲಿ! ಕ್ಲಸ್ಟರ್ ನಿಯಂತ್ರಿಸೋ ಕಂಟ್ರೋಲ್ ಪ್ಲೇನಷ್ಟೇ ಅವರ ಜವಾಬ್ದಾರಿ. ಸರ್ವರ್ ಬಾಡಿಗೆ ಬೇರೆ. ಆ್ಯಪ್ ಬಿದ್ರೆ ಮಧ್ಯರಾತ್ರಿ ಏಳೋರು ನಾವೇ. ಅವಧಿ ಮೀರಿ ಹಳೇ ಆವೃತ್ತಿಗೇ ಜೋತುಬಿದ್ರೆ ಗಂಟೆಗೆ 60 ಸೆಂಟ್.

ಮಾವ: ಆ ಆ್ಯಪ್ ಎಷ್ಟು ಜನ ಬಳಸ್ತಾರೆ?

ಹುಡುಗ: ಸದ್ಯಕ್ಕೆ ನಾವು ಮೂವರು.

ಮಾವ: ಒಂದೇ ಸರ್ವರ್ ಸಾಕಲ್ಲೋ!

ಹುಡುಗ: ಸಾಕು ಮಾವ. ಆದ್ರೆ ಮುಂದಿನ ಕೆಲಸಕ್ಕೆ ಬಯೋಡೇಟಾದಲ್ಲಿ ಏನಂತ ಬರೀಲಿ?