ಕೆಂಪುಕಲ್ಲಿಗೆ ಲ್ಯಾಟಿನ್ ನಾಮಕರಣ

ಏನು ಭಟ್ರೇ, ಪಾಗಾರ ಕಟ್ಟಿಸಲು ಕೆಂಪುಕಲ್ಲು ಇಳಿಸಿದ ಹಾಗಿದೆ! ಕಟ್ಟಿಸಿ, ಕಟ್ಟಿಸಿ. ಎದೆಮಟ್ಟಕ್ಕೆ ನಿಲ್ಲಿಸಿದರೆ ಸಾಕು, ನಮ್ಮ ಹರಟೆಗೆ ಅಡ್ಡಿಯಾಗಬಾರದಲ್ಲ?

ಈ ಕಲ್ಲನ್ನು ಭೂವಿಜ್ಞಾನದವರು ಲ್ಯಾಟರೈಟ್ ಅನ್ನುತ್ತಾರೆ ನೋಡಿ. ಆ ಹೆಸರಿನ ತವರು ಎಲ್ಲೋ ಲಂಡನ್ ಅಂದುಕೊಂಡಿರಾ? ಅಲ್ಲ ಮಾರಾಯ್ರೆ, ಇಲ್ಲೇ ಮಲಬಾರಿನ ಅಂಗಡಿಪುರಂ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಏನೇನು ಬೆಳೆಯುತ್ತದೆ, ಜನ ಹೇಗಿದ್ದಾರೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಅಟ್ಟಿದ. ಅವನೇ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕನನ್. ಗದ್ದೆ ತೋಟ ನೋಡಲು ಬಂದವನ ಕಣ್ಣು ಈ ಕಲ್ಲಿನ ಮೇಲೆ ಬಿತ್ತು.

ನೆಲದೊಳಗಿರುವಾಗ ಎಷ್ಟು ಮೆದು ಅಂದರೆ ಕಬ್ಬಿಣದ ಹತಾರದಲ್ಲಿ ಸಲೀಸಾಗಿ ಕಡಿಯಬಹುದು. ಹೊರಗೆ ತೆಗೆದು ಗಾಳಿಗೆ ಬಿಟ್ಟರೆ ಮಾತ್ರ ಮಳೆಗೂ ಜಗ್ಗದಷ್ಟು ಗಟ್ಟಿ. ಊರವರು ಅದನ್ನು ಇಟ್ಟಿಗೆಕಲ್ಲು ಅನ್ನುವುದನ್ನು ಅವನು ಕೇಳಿಸಿಕೊಂಡ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’. ಅದಕ್ಕೊಂದು ಬಾಲ ಅಂಟಿಸಿದ, ಲ್ಯಾಟರೈಟ್ ಆಯಿತು! 1807ರಲ್ಲಿ ಅವನ ಪ್ರವಾಸದ ಮೂರು ಸಂಪುಟಗಳು ಅಚ್ಚಾದವು; ಹೆಸರು ಆಫ್ರಿಕ, ಬ್ರೆಜಿಲ್‌ವರೆಗೂ ಹೋಯಿತು. ಅಂಗಡಿಪುರಂನಲ್ಲಿ ಈಗ ಅದಕ್ಕೊಂದು ಸ್ಮಾರಕವೂ ಇದೆ.

ಕೆಂಪು ಹೇಗೆ ಬಂತು ಅಂತೀರಾ? ನಮ್ಮ ಮಳೆಯದೇ ಕೆಲಸ. ಸಾವಿರಾರು ವರ್ಷ ಸುರಿದು ಸುರಿದು ಬಂಡೆಯೊಳಗಿನ ಸಿಲಿಕಾ, ಸುಣ್ಣ ಎಲ್ಲ ತೊಳೆದುಕೊಂಡು ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಆ ಕಬ್ಬಿಣ ತುಕ್ಕು ಹಿಡಿದ ಬಣ್ಣವೇ ಇದು.

ತಮಾಷೆ ಇರುವುದು ಮುಂದೆ. ಬುಕನನ್ ಹೆಸರಿಟ್ಟದ್ದು ಕಲ್ಲಿನ ಗುಣ ನೋಡಿ, ಒಳಗಿನ ರಸಾಯನ ನೋಡಿ ಅಲ್ಲ. ಆಮೇಲೆ ಬಂದ ಪಂಡಿತರಿಗೆ ತಲೆನೋವು ಶುರುವಾಯಿತು. ಗಾಳಿಗೆ ಗಟ್ಟಿಯಾದರೆ ಮಾತ್ರ ಲ್ಯಾಟರೈಟ್ ಎಂದರು ಕೆಲವರು. ಅದು ಮುಖ್ಯವಲ್ಲ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟಿದೆ ಹೇಳಿ ಎಂದರು ಇನ್ನು ಕೆಲವರು. ಇದು ಮಣ್ಣೋ ಕಲ್ಲೋ ಎಂಬಲ್ಲಿಗೂ ಚರ್ಚೆ ಹೋಯಿತು! ನಮ್ಮ ಮೇಸ್ತ್ರಿಗೆ ಆ ತಾಪತ್ರಯವೇ ಇಲ್ಲ. ಕಲ್ಲಿಗೆ ಎರಡು ಪೆಟ್ಟು ಹೊಡೆದು ಸದ್ದು ಕೇಳಿ, ಇದು ಆಗುತ್ತದೆ, ಇದು ಆಗುವುದಿಲ್ಲ ಅನ್ನುತ್ತಾನೆ. ಪಂಡಿತರ ತೀರ್ಮಾನಕ್ಕೆ ಕಾಯುತ್ತಾ ಕೂತಿದ್ದರೆ ಬಹಮನಿಯವರು ಇದೇ ಕಲ್ಲಿನಲ್ಲಿ ಬೀದರ ಕೋಟೆ ಕಟ್ಟಿ ಮುಗಿಸುತ್ತಿದ್ದರೇ?